ಗೋಡೆ ಯಾರದು? ಕಲಾವಿದರು ಕೂಡಿ ಕಟ್ಟಿದ ಮನೆಗಳ ಕಥೆ



ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗುಲಿಯ ಮೇಲೆ ಐದು ಜನ ಬಂದು ಕುಳಿತರು. ಅವರಲ್ಲಿ ನಾಲ್ವರು ನನ್ನ ಹಳೆಯ ವಿದ್ಯಾರ್ಥಿಗಳು. ಒಬ್ಬರು ಈಗ ಚಿತ್ರಕಲಾ ಶಿಕ್ಷಕರು, ಒಬ್ಬಾತ ಕಲ್ಲಿನಲ್ಲಿ ವಿಗ್ರಹ ಕೆತ್ತುವವನು, ಒಬ್ಬಾಕೆ ಮೈಸೂರು ಶೈಲಿಯ ಚಿತ್ರ ಬರೆಯುವವಳು, ಇನ್ನೊಬ್ಬ ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದು ಬದುಕಿದವನು. ಐದನೆಯವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಹುಡುಗ; ಓಡಾಟದ ಕೆಲಸವೆಲ್ಲ ತನ್ನದೆಂದು ಹೇಳಿಕೊಂಡ. ಊರಿನಲ್ಲಿ ಖಾಲಿ ಬಿದ್ದಿರುವ ಒಂದು ಹಳೆಯ ರೀಲಿಂಗ್ ಶೆಡ್ಡನ್ನು ಬಾಡಿಗೆಗೆ ಹಿಡಿದು, ಎಲ್ಲರೂ ಕೂಡಿ ಒಂದು ಚಿತ್ರಶಾಲೆ ನಡೆಸಬೇಕೆಂಬುದು ಅವರ ಆಸೆ. ತಿಂಗಳಿಗೊಂದು ಪ್ರದರ್ಶನ, ಮಕ್ಕಳಿಗೆ ಶಿಬಿರ, ವರ್ಷಕ್ಕೊಂದು ಮೇಳ. "ಸಾರ್, ನೀವು ಅಧ್ಯಕ್ಷರಾಗಬೇಕು" ಎಂದರು.

ಕಾಫಿ ಮುಗಿಯುವಷ್ಟರಲ್ಲಿ ಮೊದಲ ಜಗಳವೂ ಹುಟ್ಟಿತು. ಸದಸ್ಯರು ಯಾರಾಗಬಹುದು ಎಂಬ ಮಾತು ಬಂದಾಗ ಚಿತ್ರಕಲಾ ಶಿಕ್ಷಕರು, "ಗುಣಮಟ್ಟ ಎಂಬುದೊಂದು ಇರಬೇಕಲ್ಲವೇ ಸಾರ್? ಬೋರ್ಡು ಬರೆಯುವುದನ್ನೂ ಕಲೆ ಎಂದರೆ ನಾಳೆ ಯಾರು ಬೇಕಾದರೂ ಬರುತ್ತಾರೆ" ಎಂದುಬಿಟ್ಟರು. ಬೋರ್ಡು ಬರೆಯುವವನು ಪಕ್ಕದಲ್ಲಿಯೇ ಕುಳಿತಿದ್ದ. ಅವನು ಏನೂ ಮಾತನಾಡಲಿಲ್ಲ. ಲೋಟವನ್ನು ಕೆಳಗಿಟ್ಟು ತನ್ನ ಬೆರಳುಗಳನ್ನು ನೋಡಿಕೊಂಡ. ಆ ನೋಟ ನನಗೆ ಹಳೆಯದೊಂದು ಪ್ರಸಂಗವನ್ನು ನೆನಪಿಗೆ ತಂದಿತು. ಅದನ್ನು ಆಮೇಲೆ ಹೇಳುತ್ತೇನೆ. ಎರಡು ವಾರ ಕಾಲ ಕೊಡಿ ಎಂದು ಅವರನ್ನು ಕಳುಹಿಸಿಕೊಟ್ಟೆ.

ಚರಿತ್ರೆ ಪಾಠ ಹೇಳಿದವನಿಗೆ ಬರುವುದು ಒಂದೇ ವಿದ್ಯೆ: ಇಂತಹುದನ್ನು ಹಿಂದೆ ಯಾರು ಮಾಡಿದರು, ಏನಾಯಿತು ಎಂದು ತಿರುಗಿ ನೋಡುವುದು. ಈ ಎರಡು ವಾರ ಅದನ್ನೇ ಮಾಡಿದೆ. ಅವರಿಗೆ ಕೊಡಬೇಕಾದ ಉತ್ತರವನ್ನು ನಿಮ್ಮೆಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ನಮ್ಮ ಊರಿನಿಂದಲೇ ಆರಂಭಿಸೋಣ. ಭೋಗನಂದೀಶ್ವರನ ಗುಡಿಗೆ ನಾನು ಎಷ್ಟು ತಂಡ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಲ್ಲ. ಒಂಬತ್ತನೆಯ ಶತಮಾನದ ಆರಂಭದ ಶಾಸನಗಳಲ್ಲಿಯೇ ಅದರ ಪ್ರಸ್ತಾಪವಿದೆ. ಬಾಣರು, ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು ಎಂದು ಪಾಠ ಹೇಳುವಾಗ ಬರಿಯ ರಾಜಮನೆತನಗಳ ಹೆಸರನ್ನೇ ಹೇಳಿಕೊಂಡು ಬಂದೆವು. ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳಲ್ಲಿ ಎಲೆಬಳ್ಳಿಗಳನ್ನೂ ಗಿಳಿಗಳನ್ನೂ ಬಿಡಿಸಿದ ಕೈಗಳ ಹೆಸರನ್ನು ಹೇಳಲಿಲ್ಲ.

ಆದರೆ ಹೊಯ್ಸಳರ ಕಾಲದ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿಯೇ ಬರೆದಿಟ್ಟು ಹೋದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ದಕ್ಷಿಣದ ಗೋಡೆಯ ವಿಗ್ರಹಗಳ ಕೆಳಗೆ ಕಾಣುವ ಹೆಸರು ಬೈಚೋಜನದು; ಉತ್ತರದ ಗೋಡೆಯದು ಮಲ್ಲಿತಮ್ಮನದು. ಈ ಬೈಚೋಜ ತನ್ನನ್ನು ಕರೆದುಕೊಂಡದ್ದು 'ನಂದಿಯ ಬೈಚೋಜ' ಎಂದು. ಈ ಹೆಸರು ಕಂಡೊಡನೆ ನಂದಿಯವರಾದ ನಮ್ಮ ಕಿವಿ ನೆಟ್ಟಗಾಗುವುದು ಸಹಜವೇ. ಆದರೆ ಊರ ಅಭಿಮಾನಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಗೋಡೆ ಹಂಚಿಕೆ. ಇಬ್ಬರು ದೊಡ್ಡ ಕಲಾವಿದರು, ಒಂದೇ ಗುಡಿ. ನಿನಗೆ ಆ ಮಗ್ಗುಲು, ನನಗೆ ಈ ಮಗ್ಗುಲು. ಬಿರುದುಗಳನ್ನು ಕಟ್ಟಿಕೊಂಡು ಮೆರೆಯುತ್ತಿದ್ದ ಕಾಲದ ಶಿಲ್ಪಿಗಳು ಅವರು. ಆದರೂ ಒಬ್ಬರ ಕೆಲಸದ ಪಕ್ಕದಲ್ಲಿ ಇನ್ನೊಬ್ಬರದು ನಿಂತಿದೆ, ಎರಡರ ಮೇಲೂ ಒಂದೇ ಸೂರು.

ಕಲಾವಿದರ ಸಂಘ ಎಂಬ ವಿಚಾರದ ಮೂಲ ಪ್ರಶ್ನೆ ಇದೇ ಎಂದು ನನಗೆ ತೋರುತ್ತದೆ. ಗೋಡೆ ಯಾರದು? ಅದನ್ನು ಹಂಚುವವರು ಯಾರು? ಗುಡಿಯ ಕಾಲದಲ್ಲಿ ದಂಡನಾಯಕ ಹಂಚುತ್ತಿದ್ದ. ದಂಡನಾಯಕನಿಲ್ಲದ ಕಾಲದಲ್ಲಿ ಯಾರು ಹಂಚಬೇಕು?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಬಹಳ ಪ್ರಸಿದ್ಧರಾದವರು ಪ್ಯಾರಿಸ್ಸಿನ ಮೂವತ್ತು ಮಂದಿ ಚಿತ್ರಗಾರರು. ಅಲ್ಲಿ ಸರ್ಕಾರದ ಆಶ್ರಯದಲ್ಲಿ ನಡೆಯುತ್ತಿದ್ದ 'ಸಲೋನ್' ಎಂಬ ಪ್ರದರ್ಶನದ ತೀರ್ಪುಗಾರರು ಹೊಸ ಬಗೆಯ ಚಿತ್ರಗಳನ್ನು ವರ್ಷ ವರ್ಷವೂ ಹೊರಗಿಡುತ್ತಿದ್ದರು. ಬೇಸತ್ತ ಮೋನೆ, ಪಿಸ್ಸಾರೋ, ದೆಗಾ, ರೆನ್ವಾ, ಬೆರ್ತ್ ಮೋರಿಸೋ ಮೊದಲಾದವರು 1873ರ ಡಿಸೆಂಬರಿನಲ್ಲಿ ಒಂದು ಸಂಘ ಕಟ್ಟಿದರು. ಅದರ ಹೆಸರಿನಲ್ಲಿಯೇ 'ಸಹಕಾರಿ' ಎಂಬ ಪದವಿತ್ತು. ಸದಸ್ಯರು ವರ್ಷಕ್ಕೆ ಅರವತ್ತು ಫ್ರಾಂಕ್ ಚಂದಾ ಕೊಡಬೇಕು, ತೀರ್ಪುಗಾರರಿಲ್ಲ, ಬಹುಮಾನವಿಲ್ಲ, ಚಿತ್ರಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಯಾರದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಈ ನಿಯಮಾವಳಿಗೆ ಪಿಸ್ಸಾರೋ ಮಾದರಿಯಾಗಿ ತಂದದ್ದು ತಮ್ಮೂರಿನ ಬ್ರೆಡ್ಡು ಸುಡುವವರ ಸಂಘದ ಕಟ್ಟಳೆಗಳನ್ನು! ಇದನ್ನು ಓದಿದಾಗ ನನಗೆ ನಗು ಬಂದಿತು, ಗೌರವವೂ ಮೂಡಿತು.

1874ರ ಏಪ್ರಿಲ್ 15ರಿಂದ ಒಂದು ತಿಂಗಳು, ನಾದಾರ್ ಎಂಬ ಛಾಯಾಗ್ರಾಹಕರು ಬಿಟ್ಟುಹೋಗಿದ್ದ ಸ್ಟುಡಿಯೋದಲ್ಲಿ ಪ್ರದರ್ಶನ ನಡೆಯಿತು. ಪ್ರವೇಶಕ್ಕೆ ಒಂದು ಫ್ರಾಂಕ್. ನೋಡಿದವರು ಸುಮಾರು 3,500 ಮಂದಿ. ಅವರಲ್ಲಿ ನಗಲೆಂದೇ ಬಂದವರೂ ಇದ್ದರು. 'ಇಂಪ್ರೆಷನಿಸ್ಟ್' ಎಂಬ ಹೆಸರು ಒಬ್ಬ ವಿಮರ್ಶಕನ ಗೇಲಿಯಿಂದಲೇ ಬಂದದ್ದು. ವರ್ಷದ ಕೊನೆಯಲ್ಲಿ ಲೆಕ್ಕ ಹಾಕಿದಾಗ ಒಬ್ಬೊಬ್ಬ ಸದಸ್ಯನ ತಲೆಯ ಮೇಲೂ 184.50 ಫ್ರಾಂಕ್ ಸಾಲ ಉಳಿದಿತ್ತು. 1874ರ ಡಿಸೆಂಬರಿನಲ್ಲಿ, ಹುಟ್ಟಿದ ಒಂದೇ ವರ್ಷಕ್ಕೆ, ಸಂಘವನ್ನು ಮುಚ್ಚಿದರು. ಮುಂದೆ ಅದೇ ಗೆಳೆಯರು ಸಂಘದ ಕಟ್ಟುಪಾಡಿಲ್ಲದೆ 1886ರವರೆಗೆ ಇನ್ನೂ ಏಳು ಪ್ರದರ್ಶನಗಳನ್ನು ನಡೆಸಿದರು. ಜಗತ್ತಿನ ಚಿತ್ರಕಲೆಯ ದಾರಿಯನ್ನೇ ತಿರುಗಿಸಿದ ಸಹಕಾರ ಸಂಘವೊಂದು ಲೆಕ್ಕದ ಪುಸ್ತಕದಲ್ಲಿ ದಿವಾಳಿಯಾಗಿತ್ತು ಎಂಬುದನ್ನು ನೀವು ಮರೆಯಬಾರದು. ಸಂಘ ಸೋತರೆ ಕಲೆ ಸೋತಂತೆ ಅಲ್ಲ. ಹಾಗೆಯೇ ಸಂಘ ಬಾಳಿತು ಎಂದ ಮಾತ್ರಕ್ಕೆ ಕಲೆ ಗೆದ್ದಂತೆಯೂ ಅಲ್ಲ.

ನಮ್ಮ ನಾಡಿಗೆ ಬರೋಣ. ಬೆಂಗಳೂರಿನಲ್ಲಿ ಎ. ಎನ್. ಸುಬ್ಬರಾಯರು 1919ರಲ್ಲಿ 'ಕಲಾಮಂದಿರ'ವನ್ನು ಆರಂಭಿಸಿದರು. ಅರಮನೆಯ ಆಶ್ರಯವನ್ನು ನೆಚ್ಚಿಕೊಳ್ಳದೆ, ಸಾಮಾನ್ಯರ ಮಕ್ಕಳಿಗೆ ಚಿತ್ರ ಕಲಿಸಬಹುದು ಎಂದು ತೋರಿಸಿದ ಶಾಲೆ ಅದು. ನಮ್ಮ ಬೆಟ್ಟದ ಆ ಮಗ್ಗುಲಿನ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯನವರು ಅಲ್ಲಿ ಕಲಿತವರು. ಸ್ವಾತಂತ್ರ್ಯ ಹೋರಾಟ, ಸೇವಾದಳ, 'ತಾಯಿನಾಡು' ಪತ್ರಿಕೆ, ಶಾಸಕ ಸ್ಥಾನ ಎಂದು ದಶಕಗಳ ಕಾಲ ಕುಂಚವನ್ನು ಬದಿಗಿಟ್ಟಿದ್ದ ಅವರು ಐವತ್ತರ ಹೊಸ್ತಿಲಲ್ಲಿ ಮತ್ತೆ ಚಿತ್ರಕ್ಕೆ ಮರಳಿದರು. 1988ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನ ಹೂ ಮರಗಳನ್ನು ಬರೆಯುತ್ತಲೇ ಇದ್ದರು. ತಡವಾಯಿತು ಎಂದು ಕೊರಗುವ ನನ್ನ ವಿದ್ಯಾರ್ಥಿಗಳಿಗೆಲ್ಲ ನಾನು ಹೇಳುವ ಹೆಸರು ರುಮಾಲೆಯವರದು.

1960ರಲ್ಲಿ ಎಂ. ಆರ್ಯಮೂರ್ತಿ, ಎಂ. ಎಸ್. ನಂಜುಂಡರಾವ್ ಮೊದಲಾದವರು ಚಿತ್ರಕಲಾ ಪರಿಷತ್ತನ್ನು ಕಟ್ಟಿದರು. ಇಂದು ಕುಮಾರಕೃಪಾ ರಸ್ತೆಯಲ್ಲಿ ಅಷ್ಟು ದೊಡ್ಡ ಆವರಣವನ್ನು ನೋಡುವವರಿಗೆ ಅದು ಕೆಲವೇ ಜನರ ಓಡಾಟದಿಂದ ಆರಂಭವಾದದ್ದು ಎಂದರೆ ನಂಬಿಕೆ ಬಾರದು. ಸರ್ಕಾರ ಜಾಗ ಕೊಟ್ಟಿತು; ಸ್ವೆತೊಸ್ಲಾವ್ ರೋರಿಕ್‌ರಂತಹ ಕಲಾವಿದರು ತಮ್ಮ ಚಿತ್ರಗಳನ್ನು ಕೊಟ್ಟರು; ಕೇಜ್ರಿವಾಲರಂತಹ ಸಂಗ್ರಾಹಕರು ತಮ್ಮ ಸಂಗ್ರಹವನ್ನೇ ಕೊಟ್ಟರು. ನಂಜುಂಡರಾಯರು ಹಳ್ಳಿಗಳನ್ನು ಸುತ್ತಿ ತೊಗಲುಗೊಂಬೆಗಳನ್ನೂ ಮೈಸೂರು ಶೈಲಿಯ ಹಳೆಯ ಚಿತ್ರಗಳನ್ನೂ ಕಲೆಹಾಕಿದರು. ತೊಗಲುಗೊಂಬೆ ಆಡಿಸುವವರನ್ನು ಆ ಕಾಲದಲ್ಲಿ ಕಲಾವಿದರೆಂದು ಕರೆಯುವವರು ವಿರಳವಾಗಿದ್ದರು. ಇಂದು ಆ ಗೊಂಬೆಗಳು ಪರಿಷತ್ತಿನ ಸಂಗ್ರಹದ ಹೆಮ್ಮೆ. ನನ್ನ ಜಗುಲಿಯ ಮೇಲೆ ಕುಳಿತು ಯಾರು ಕಲಾವಿದ, ಯಾರಲ್ಲ ಎಂದು ತೀರ್ಮಾನಿಸಲು ಹೊರಟವರಿಗೆ ಇದು ಮೊದಲ ಪಾಠ.

ಆದರೆ ಸಹಕಾರ ಎಂಬ ಪದವನ್ನು ಅಕ್ಷರಶಃ ಬದುಕಿ ತೋರಿಸಿದವರು ನಮ್ಮ ನೆರೆಯ ಮದರಾಸಿನವರು. ಅಲ್ಲಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ. ಸಿ. ಎಸ್. ಪಣಿಕ್ಕರ್ ಅವರಿಗೆ ಪ್ರತಿ ವರ್ಷವೂ ಒಂದೇ ಕೊರಗು. ಚೆನ್ನಾಗಿ ಕಲಿತ ಹುಡುಗರು ಶಾಲೆ ಬಿಟ್ಟೊಡನೆ ಹೊಟ್ಟೆಪಾಡಿಗೆ ಯಾವುದಾದರೂ ಗುಮಾಸ್ತೆಯ ಕೆಲಸಕ್ಕೆ ಸೇರಿ ಕುಂಚವನ್ನು ಮರೆಯುತ್ತಿದ್ದರು. ಇದಕ್ಕೆ ಅವರು ಕಂಡುಕೊಂಡ ಉಪಾಯ ಬಹಳ ಸರಳ. ಕಲಾವಿದರು ಒಂದು ಕರಕುಶಲ ಸಂಘ ಮಾಡಿಕೊಂಡು ಬಾಟಿಕ್ ಬಟ್ಟೆ, ಲೋಹ, ಮಣ್ಣು, ಮರದ ವಸ್ತುಗಳನ್ನು ತಯಾರಿಸಿ ಮಾರಬೇಕು. ಕೈಕಸುಬಿನಿಂದ ಊಟ ನಡೆಯಲಿ, ಉಳಿದ ಹೊತ್ತಿನಲ್ಲಿ ಮನಸ್ಸಿಗೆ ಬಂದ ಚಿತ್ರ ಬರೆಯಲಿ. ಆ ಮಾರಾಟದ ದುಡ್ಡಿನಲ್ಲಿ ಮದರಾಸಿನ ದಕ್ಷಿಣಕ್ಕೆ ಇಂಜಂಬಾಕ್ಕಂ ಎಂಬಲ್ಲಿ, ಸಮುದ್ರದ ದಂಡೆಯ ಮರಳುಗಾಡಿನಂತಿದ್ದ ಸುಮಾರು ಹತ್ತು ಎಕರೆ ನೆಲವನ್ನು ಕೊಂಡರು. 1966ರಲ್ಲಿ 'ಚೋಳಮಂಡಲ ಕಲಾವಿದರ ಗ್ರಾಮ' ಹುಟ್ಟಿತು. ಮೂವತ್ತು ನಲವತ್ತು ಮಂದಿ ಕಲಾವಿದರು; ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. ಎಲ್ಲರಿಗೂ ಸೇರಿದ ಕಾರ್ಯಾಗಾರ, ಎಲ್ಲರಿಗೂ ಸೇರಿದ ಪ್ರದರ್ಶನ ಮಂದಿರ, ಬಯಲು ರಂಗಮಂದಿರ. ಅಲ್ಲಿ ಮಾರಾಟವಾದದ್ದರಲ್ಲಿ ಒಂದು ಪಾಲು ಗ್ರಾಮದ ಖರ್ಚಿಗೆ.

ಆ ಗ್ರಾಮದ ಸ್ಥಾಪಕ ಸದಸ್ಯರಲ್ಲಿ ಒಬ್ಬರು ನಮ್ಮ ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್. ತಾಮ್ರದ ತಗಡಿನಲ್ಲಿಯೂ ಬಣ್ಣದಲ್ಲಿಯೂ ಕೆಲಸ ಮಾಡಿದ ಅವರು 1970ರ 'ಸಂಸ್ಕಾರ' ಚಲನಚಿತ್ರದ ಕಲಾ ನಿರ್ದೇಶಕರೂ ಹೌದು. ಅವರ ಪತ್ನಿ ಆರ್ನವಾಜ್ ಕೂಡ ಅದೇ ಗ್ರಾಮದ ಕಲಾವಿದೆ. 1988ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಹೆಸರಿನಲ್ಲಿ ಕಲಾ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುವ ವ್ಯವಸ್ಥೆಯಾಯಿತು. ಪಣಿಕ್ಕರ್ 1977ರಲ್ಲಿ ನಿಧನರಾದರು. ಕಟ್ಟಿದವನು ಹೋದ ಮೇಲೆ ಸಂಘ ಉಳಿಯುವುದು ನಮ್ಮ ದೇಶದಲ್ಲಿ ಅಪರೂಪ, ಚೋಳಮಂಡಲ ಉಳಿಯಿತು. 2009ರಲ್ಲಿ ಅಲ್ಲಿ ಮದರಾಸು ಪಂಥದ ಕಲಾವಿದರ ಕೃತಿಗಳ ವಸ್ತುಸಂಗ್ರಹಾಲಯವೂ ತೆರೆಯಿತು.

ಅದು ಏಕೆ ಉಳಿಯಿತು ಎಂದು ಯೋಚಿಸಿದ್ದೇನೆ. ನನಗೆ ಹೊಳೆದ ಕಾರಣ ಇದು. ಅಲ್ಲಿ ಯಾರೂ ಬಾಟಿಕ್ ಮಾಡುವವನನ್ನು ಕೀಳೆಂದು ನೋಡುವಂತಿರಲಿಲ್ಲ. ಏಕೆಂದರೆ ಎಲ್ಲರೂ ಬಾಟಿಕ್ ಮಾಡಿಯೇ ಆ ನೆಲವನ್ನು ಕೊಂಡಿದ್ದರು. ಕಸುಬು ಕಲೆಗೆ ಅನ್ನ ಹಾಕಿತ್ತು. ಅನ್ನ ಹಾಕಿದವರನ್ನು ಹೊಸಿಲಾಚೆ ನಿಲ್ಲಿಸುವ ಮನೆ ಬಾಳುವುದಿಲ್ಲ.

ಇನ್ನು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಕಥೆ. ಅಬನೀಂದ್ರನಾಥ ಠಾಕೂರರ ಶಿಷ್ಯರಾಗಿ ಕಲ್ಕತ್ತೆಯಲ್ಲಿ ಕಲಿತು ಬಂದ ಕೆ. ವೆಂಕಟಪ್ಪನವರು 1965ರಲ್ಲಿ ನಿಧನರಾದರು. ಅವರ ಹೆಸರಿನ ಸರ್ಕಾರಿ ಚಿತ್ರಶಾಲೆ ಕಸ್ತೂರಬಾ ರಸ್ತೆಯಲ್ಲಿ 1975ರಲ್ಲಿ ತೆರೆಯಿತು. ವೆಂಕಟಪ್ಪನವರ ಕೃತಿಗಳಲ್ಲದೆ ಕೆ. ಕೆ. ಹೆಬ್ಬಾರರ ಕೃತಿಗಳೂ ಅಲ್ಲಿ ಸೇರಿದವು. ಇವಕ್ಕಿಂತಲೂ ಮುಖ್ಯವಾದದ್ದು, ಕಡಿಮೆ ಬಾಡಿಗೆಗೆ ಯಾವ ಕಲಾವಿದನಿಗಾದರೂ ಸಿಗುತ್ತಿದ್ದ ಪ್ರದರ್ಶನ ಮಂದಿರಗಳು. ಹಳ್ಳಿಗಾಡಿನಿಂದ ಬಂದ ಎಷ್ಟೋ ಯುವಕರು ತಮ್ಮ ಮೊದಲ ಚಿತ್ರವನ್ನು ಗೋಡೆಗೆ ತೂಗುಹಾಕಿದ್ದು ಅಲ್ಲಿ.

2015ರಲ್ಲಿ ಸರ್ಕಾರವು ಪ್ರವಾಸೋದ್ಯಮದ ದತ್ತು ಯೋಜನೆಯಡಿ ಆ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಒಪ್ಪಂದ ಮಾಡಿಕೊಂಡಿತು. ಹೊಸ ಕಟ್ಟಡ, ಹೊಸ ಸಂಗ್ರಹಾಲಯ ಬರುತ್ತದೆ ಎಂದರು. ಸೌಲಭ್ಯ ಉತ್ತಮವಾಗುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಸೋರುವ ಸೂರು, ಮಂಕು ದೀಪಗಳ ಬಗ್ಗೆ ಕಲಾವಿದರೇ ಗೊಣಗುತ್ತಿದ್ದರು. ಆದರೂ 2016ರಲ್ಲಿ ಕಲಾವಿದರು ವೇದಿಕೆಯೊಂದನ್ನು ಕಟ್ಟಿಕೊಂಡು ಬೀದಿಗಿಳಿದರು. ಅವರ ವಾದ ಇಷ್ಟೇ: ಇದು ಸಾರ್ವಜನಿಕರ ಗೋಡೆ, ನಮ್ಮನ್ನು ಕೇಳದೆ ಇದರ ಕೀಲಿಕೈಯನ್ನು ಯಾರಿಗೂ ಕೊಡಬೇಡಿ. ಘೋಷಣೆ ಕೂಗಿ ಮನೆಗೆ ಹೋಗುವ ಪ್ರತಿಭಟನೆ ಅದಾಗಲಿಲ್ಲ. ಆವರಣದಲ್ಲಿಯೇ ಸೇರಿ ಚಿತ್ರ ಬರೆದರು, ಹಾಡಿದರು, ಚರ್ಚೆಗಳನ್ನು ನಡೆಸಿದರು. ಆ ಯೋಜನೆ ಅಲ್ಲಿ ಕೈಗೂಡಲಿಲ್ಲ. ಪ್ರತಿಷ್ಠಾನವು ಅದೇ ರಸ್ತೆಯ ಬೇರೆ ನಿವೇಶನದಲ್ಲಿ ಸ್ವಂತ ಸಂಗ್ರಹಾಲಯವನ್ನು ಕಟ್ಟಿ 2023ರಲ್ಲಿ ತೆರೆಯಿತು. ಹಾಗೆ ನೋಡಿದರೆ ಊರಿಗೆ ಒಂದರ ಬದಲು ಎರಡು ಚಿತ್ರಶಾಲೆಗಳಾದವು.

ಇದರಲ್ಲಿ ಒಂದು ಸ್ವಾರಸ್ಯವಿದೆ. ವೆಂಕಟಪ್ಪ ಚಿತ್ರಶಾಲೆಗೆ ಸದಸ್ಯರ ಪಟ್ಟಿಯೇ ಇರಲಿಲ್ಲ, ಚಂದಾ ರಸೀದಿಯೂ ಇರಲಿಲ್ಲ. ಕಳೆದುಕೊಳ್ಳುತ್ತೇವೆ ಎಂಬ ಭಯ ಹುಟ್ಟಿದ ದಿನ ನೂರಾರು ಜನ ತಾವು ಅದರ ಸದಸ್ಯರೆಂದು ತಿಳಿದುಕೊಂಡರು. ಸದಸ್ಯತ್ವ ಎಂದರೆ ರಸೀದಿ ಪುಸ್ತಕವಷ್ಟೇ ಅಲ್ಲ ಎಂಬುದನ್ನು ನಾನು ಆಗ ಅರಿತೆ.

ಇದಕ್ಕೂ ಮುಂಚೆ, 2009ರಲ್ಲಿ, ಬೆಂಗಳೂರಿನ ಜೆ. ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದ ಕಟ್ಟಡದಲ್ಲಿ 'ಸಮೂಹ' ಎಂಬ ಪ್ರಯೋಗ ನಡೆಯಿತು. ಇಪ್ಪತ್ತಕ್ಕೂ ಹೆಚ್ಚು ಕಲಾವಿದರು ಬಾಡಿಗೆಯನ್ನು ಹಂಚಿಕೊಂಡು ಒಂದು ಜಾಗ ಹಿಡಿದರು. ಸರದಿಯ ಮೇಲೆ ಒಬ್ಬೊಬ್ಬರಿಗೆ ಇಷ್ಟು ದಿನ ಎಂದು ಹಂಚಿದರು; ತನ್ನ ಸರದಿಯಲ್ಲಿ ಏನು ತೋರಿಸಬೇಕೆಂಬುದು ಆ ಕಲಾವಿದನ ಇಚ್ಛೆ. ಈ ಪ್ರಯೋಗ ಇಷ್ಟು ಕಾಲ ಮಾತ್ರ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರು. ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ನಡೆಸಿ, ಹೇಳಿದಂತೆಯೇ 2010ರಲ್ಲಿ ನಿಲ್ಲಿಸಿದರು. ಜಗಳವಾಡಿ ಮುಚ್ಚುವ ಸಂಘಗಳನ್ನೇ ಕಂಡ ನನಗೆ ಇದು ಹೊಸದೆನಿಸಿತು. ಮದುವೆ ಮನೆಯಲ್ಲಿ ಊಟವಾದ ಮೇಲೆ ಎಲೆ ಎತ್ತುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡಂತೆ.

ಈಗ ಚಿತ್ರಸಂತೆಯ ಮಾತು. ಅದರೊಡನೆ ನಾನು ಆಮೇಲೆ ಹೇಳುತ್ತೇನೆಂದು ತಡೆದಿಟ್ಟ ಮಾತೂ ಬರುತ್ತದೆ. ಎರಡು ದಶಕಗಳಿಂದ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರಗಳಲ್ಲಿ, ಈ ಸಂತೆಯನ್ನು ನಡೆಸುತ್ತ ಬಂದಿದೆ. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಎರಡೂ ಬದಿಯಲ್ಲಿ ತಮ್ಮ ಚಿತ್ರಗಳನ್ನು ಹರಡಿಕೊಂಡು ಕೂರುತ್ತಾರೆ. ಜನ ಲಕ್ಷಗಟ್ಟಲೆ ಬರುತ್ತಾರೆ. ಟೊಮೇಟೊ ಸಂತೆಗೂ ರೇಷ್ಮೆಗೂಡಿನ ಮಾರುಕಟ್ಟೆಗೂ ಹೋಗಿ ಬಂದಿರುವ ನಮ್ಮ ಕಡೆಯವರಿಗೆ ಚಿತ್ರದ ಸಂತೆ ಎಂಬ ಮಾತೇ ಮೊದಲು ವಿಚಿತ್ರವೆನಿಸಿತ್ತು.

2023ರ ಜನವರಿಯಲ್ಲಿ ನಾನು ಆ ಜನಜಂಗುಳಿಯಲ್ಲಿ ನಡೆಯುತ್ತಿದ್ದಾಗ ಒಂದು ಪುಟ್ಟ ಜಲವರ್ಣ ಚಿತ್ರ ಕಣ್ಣಿಗೆ ಬಿತ್ತು. ನಮ್ಮ ಬೆಟ್ಟ, ಬೆಳಗಿನ ಮಂಜು, ಕೆಳಗೆ ದ್ರಾಕ್ಷಿ ತೋಟದ ಚಪ್ಪರ. ಬೆಟ್ಟವನ್ನು ಸುಲ್ತಾನಪೇಟೆಯ ಕಡೆಯಿಂದ ದಿನವೂ ನೋಡಿದವನು ಮಾತ್ರ ಬರೆಯಬಲ್ಲ ಚಿತ್ರ. ತಲೆಯೆತ್ತಿ ನೋಡಿದರೆ ಎದ್ದು ನಿಂತು ಕೈಮುಗಿಯುತ್ತಿದ್ದ ಅವನು, ಈ ಜಗುಲಿಯ ಮೇಲೆ ಲೋಟ ಕೆಳಗಿಟ್ಟ ಅವನೇ.

ಅವನು ನನ್ನ ತರಗತಿಯಲ್ಲಿದ್ದದ್ದು 1987ರಲ್ಲಿ. ಪಾಠ ನಡೆಯುವಾಗ ಪುಸ್ತಕದ ಅಂಚಿನಲ್ಲೆಲ್ಲ ಭೋಗನಂದೀಶ್ವರನ ಕಂಬಗಳನ್ನು ಬರೆಯುತ್ತಿದ್ದ. ಒಂದು ದಿನ ಆ ಪುಸ್ತಕವನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿ, "ಇದು ಅನ್ನ ಹಾಕುವ ವಿದ್ಯೆಯಲ್ಲ, ಬೋರ್ಡು ಬರೆದುಕೊಂಡು ಬೀದಿ ಸುತ್ತಬೇಕಾಗುತ್ತದೆ" ಎಂದೆ. ಮಕ್ಕಳೆಲ್ಲ ನಕ್ಕರು. ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಮನೆಯ ಕಷ್ಟದಿಂದ ಎಸ್ಸೆಸ್ಸೆಲ್ಸಿಯ ನಂತರ ಓದು ನಿಲ್ಲಿಸಿ, ನಾನು ಹೇಳಿದಂತೆಯೇ ಬೋರ್ಡು ಬರೆಯಲು ಹೋದ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದವರೆಗೆ ಕಿರಾಣಿ ಅಂಗಡಿ, ಸಹಕಾರ ಸಂಘ, ಬಸ್ಸಿನ ಹಣೆಪಟ್ಟಿ, ನಾಟಕದ ಪರದೆ ಎಲ್ಲವನ್ನೂ ಬರೆದ. ಕನ್ನಡದ ಒತ್ತಕ್ಷರಗಳನ್ನು ಅಷ್ಟು ಮುದ್ದಾಗಿ ಬರೆಯುವವರು ನಮ್ಮ ಸುತ್ತಿನಲ್ಲಿ ಇರಲಿಲ್ಲ. ಆಮೇಲೆ ಫ್ಲೆಕ್ಸ್ ಬಂದಿತು. ರಾತ್ರಿ ಹೇಳಿದರೆ ಬೆಳಿಗ್ಗೆ ಬೋರ್ಡು ಸಿದ್ಧ. ಅವನ ಕೆಲಸ ವರ್ಷದಿಂದ ವರ್ಷಕ್ಕೆ ಇಳಿದು ಹೋಯಿತು. ಖಾಲಿ ಉಳಿದ ಹೊತ್ತಿನಲ್ಲಿ ಅವನು ಬೆಟ್ಟವನ್ನು ಬರೆಯತೊಡಗಿದ.

ಅಂದು ಸಂತೆಯಲ್ಲಿ ಅವನ ಎರಡು ಚಿತ್ರ ಮಾರಾಟವಾಗಿದ್ದವು. ಮೂರನೆಯದನ್ನು ನಾನು ಕೊಂಡೆ. ದುಡ್ಡು ಬೇಡವೆಂದ, ನಾನು ಬಿಡಲಿಲ್ಲ. 1987ರ ಮಾತು ಅವನಿಗೆ ನೆನಪಿದೆಯೇ ಎಂದು ಕೇಳುವ ಧೈರ್ಯ ಅಂದು ಆಗಲಿಲ್ಲ. ಇಂದು ನಿಮ್ಮೆಲ್ಲರ ಎದುರಿಗೆ ಹೇಳುತ್ತಿದ್ದೇನೆ: ಆ ಮಾತು ತಪ್ಪು. ತರಗತಿಯ ಎದುರಿನಲ್ಲಿ ಆಡಿದ ಮಾತನ್ನು ಏಕಾಂತದಲ್ಲಿ ಹಿಂತೆಗೆದುಕೊಂಡರೆ ಸಾಲದು. ಆ ದಿನ ನಕ್ಕವರಲ್ಲಿ ಹಲವರು ಇದನ್ನು ಓದುತ್ತೀರಿ ಎಂಬುದೂ ನನಗೆ ಗೊತ್ತು.

ಹಾಗಾಗಿ ಜಗುಲಿಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ.

ನಮ್ಮ ಹಳ್ಳಿಗಳ ಹಾಲಿನ ಡೈರಿಯನ್ನು ನೋಡಿ. ಬೆಳಗಿನ ಜಾವ ಕ್ಯಾನು ಹಿಡಿದು ನಿಂತವರಲ್ಲಿ ಹತ್ತು ಹಸುವಿನವರೂ ಇರುತ್ತಾರೆ, ಒಂದೇ ಹಸುವಿನ ಮುದುಕಿಯೂ ಇರುತ್ತಾಳೆ. ಸಾಲಿನಲ್ಲಿ ಭೇದವಿಲ್ಲ, ಸಭೆಯಲ್ಲಿ ಒಬ್ಬರಿಗೆ ಒಂದೇ ಮತ. ಆದರೆ ಹಾಲನ್ನು ಅಳೆಯುತ್ತಾರೆ, ಫ್ಯಾಟನ್ನು ಪರೀಕ್ಷಿಸುತ್ತಾರೆ; ನೀರು ಬೆರೆಸಿದರೆ ಹಿಂದಕ್ಕೆ ಕಳುಹಿಸುತ್ತಾರೆ. ಪರೀಕ್ಷೆ ಹಾಲಿಗೇ ಹೊರತು ಮನುಷ್ಯನಿಗಲ್ಲ. ಭಾರತದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಹುಟ್ಟಿತೆಂದು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಈ ವಿವೇಕ ನಮ್ಮ ನೆಲಕ್ಕೆ ಹೊಸದಲ್ಲ. ಗುಣಮಟ್ಟ ಬೇಕೆಂಬ ಶಿಕ್ಷಕರ ಮಾತು ಸುಳ್ಳಲ್ಲ. ಅದನ್ನು ಚಿತ್ರಕ್ಕೆ ಅನ್ವಯಿಸಿ, ಬಾಗಿಲಿಗಲ್ಲ. ಸದಸ್ಯತ್ವ ಎಲ್ಲರಿಗೂ ತೆರೆದಿರಲಿ. ಪ್ರತಿ ಪ್ರದರ್ಶನದ ಆಯ್ಕೆಯನ್ನು ಮೂವರು ಮಾಡಲಿ, ಆ ಮೂವರು ವರ್ಷ ವರ್ಷವೂ ಬದಲಾಗಲಿ. ವರ್ಷಕ್ಕೊಮ್ಮೆ ಮಾತ್ರ ಆಯ್ಕೆಯೇ ಇಲ್ಲದ, ಚೀಟಿ ಎತ್ತಿ ಗೋಡೆ ಹಂಚುವ ಪ್ರದರ್ಶನವೂ ನಡೆಯಲಿ.

ಎರಡನೆಯದು, ಕಸುಬಿನ ಮಾತು. ಚೋಳಮಂಡಲದ ಬಾಟಿಕ್ಕಿನಂತೆ ನಿಮಗೂ ಒಂದು ಅನ್ನದ ದಾರಿ ಬೇಕು. ಬೋರ್ಡು, ಗೋಡೆ ಬರಹ, ಕಲ್ಲಿನ ಸಣ್ಣ ವಿಗ್ರಹ, ಮದುವೆ ಮಂಟಪದ ರಂಗೋಲಿ, ಇವುಗಳಿಗೆ ಸಂಘದ ಮೂಲಕವೇ ಕೆಲಸ ಒಪ್ಪಿಕೊಂಡು ಬಂದದ್ದರಲ್ಲಿ ಒಂದು ಪಾಲನ್ನು ಬಾಡಿಗೆಗೆ ತೆಗೆದಿಡಿ. ಆಗ ಬೋರ್ಡು ಬರೆಯುವವನೇ ಸಂಘಕ್ಕೆ ಆಧಾರಸ್ತಂಭವಾಗುತ್ತಾನೆ. ಪ್ಯಾರಿಸ್ಸಿನವರು ಸೋತದ್ದು ಇಲ್ಲಿಯೇ. ಅವರಿಗೆ ಚಂದಾ ಮತ್ತು ಟಿಕೆಟ್ಟಿನ ಹೊರತು ಹೆಚ್ಚಿನ ಆದಾಯದ ದಾರಿಯಿರಲಿಲ್ಲ.

ಮೂರನೆಯದು, ಕಾರ್ಯಕ್ರಮ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿದರು. ವಾರಕ್ಕೊಂದು ಉಪನ್ಯಾಸ, ಸಭಿಕರು ಹತ್ತೇ ಜನರಿರಲಿ, ನೂರು ಜನರಿರಲಿ, ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯಬೇಕು ಎಂಬುದು ಅಂತಹ ವೇದಿಕೆಗಳ ಜೀವಾಳ. ಅದ್ಧೂರಿ ಉದ್ಘಾಟನೆ ಮಾಡಿ ಮೂರನೆಯ ತಿಂಗಳಿಗೆ ಬೀಗ ಹಾಕಿದ ಸಂಘಗಳನ್ನು ನಾವೆಲ್ಲ ಕಂಡಿದ್ದೇವೆ. ಮಂತ್ರಿಗಳನ್ನು ಕರೆಯಬೇಡಿ ಎನ್ನುವುದಿಲ್ಲ. ಆದರೆ ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೀಗ ತೆಗೆಯುವವನು ಯಾರು ಎಂಬುದನ್ನು ಮೊದಲು ಬರೆದಿಡಿ. ಆಹ್ವಾನ ಪತ್ರಿಕೆಯ ಹೆಸರುಗಳನ್ನು ಆಮೇಲೆ ಯೋಚಿಸಿ.

ನಾಲ್ಕನೆಯದು, ಬರಹ. 1960ರ ಸಂಘಗಳ ನೋಂದಣಿ ಕಾಯಿದೆಯಂತೆ ನೋಂದಾಯಿಸಲು ಏಳು ಜನರಿದ್ದರೆ ಸಾಕು. ನೀವು ಐವರಿದ್ದೀರಿ, ಇನ್ನಿಬ್ಬರನ್ನು ಹುಡುಕಿ. ಅವರಲ್ಲಿ ಒಬ್ಬರಾದರೂ ಚಿತ್ರ ಬರೆಯದವರಾಗಿರಲಿ, ಲೆಕ್ಕ ಬರೆಯುವವರಾಗಿರಲಿ. 'ಸಮೂಹ'ದವರಂತೆ ಅವಧಿಯನ್ನೂ ಗೊತ್ತುಮಾಡಿಕೊಳ್ಳಿ. ಮೊದಲು ಎರಡು ವರ್ಷ ಎಂದಿಟ್ಟುಕೊಳ್ಳಿ. ಮುಂದುವರಿಸಬೇಕೇ ಬೇಡವೇ ಎಂದು ಆಗ ಸಭೆ ಸೇರಿ ತೀರ್ಮಾನಿಸಿ. ನಿಲ್ಲಿಸಿದರೂ ಅವಮಾನವೇನಿಲ್ಲ.

ಐದನೆಯದು ಅಧ್ಯಕ್ಷಗಿರಿಯ ವಿಷಯ. ನಾನು ಒಪ್ಪುವುದಿಲ್ಲ. ವಯಸ್ಸಾದ ಮೇಷ್ಟರನ್ನು ಅಧ್ಯಕ್ಷರನ್ನಾಗಿ ಮಾಡುವುದು ಜಗಳವನ್ನು ಮುಂದೂಡುವ ಉಪಾಯವೇ ಹೊರತು ಬಗೆಹರಿಸುವ ಉಪಾಯವಲ್ಲ. ಚಂದಾ ಕೊಟ್ಟು ಸದಸ್ಯನಾಗುತ್ತೇನೆ. ಏಳು ಜನರಲ್ಲಿ ಲೆಕ್ಕ ಬರೆಯುವ ಕೆಲಸ ಕೊಟ್ಟರೆ ಮಾಡುತ್ತೇನೆ. ಅಂಕಪಟ್ಟಿ ಬರೆದ ಕೈ, ಕೂಡಿಕೆ ತಪ್ಪುವುದಿಲ್ಲ.

ಬ್ರಿಟಿಷರ ಗುಂಡಿಗೆ ಬಲಿಯಾದವರ ನೆನಪಿಗೆ ವಿದುರಾಶ್ವತ್ಥದಲ್ಲಿ ಸ್ಮಾರಕವಿದೆ; ನಂದಿಯಲ್ಲಿ ಸಾವಿರ ವರ್ಷದ ಗುಡಿಯಿದೆ; ಗಡಿಯಾಚೆಗೆ ಹೆಜ್ಜೆಯಿಟ್ಟರೆ ಲೇಪಾಕ್ಷಿಯ ಮಂಟಪದ ಒಳಮಾಳಿಗೆಯಲ್ಲಿ ವಿಜಯನಗರದ ಕಾಲದ ಬಣ್ಣದ ಚಿತ್ರಗಳಿವೆ. ಹಳೆಯ ಗೋಡೆಗಳಿಗೆ ನಮ್ಮಲ್ಲಿ ಬರವಿಲ್ಲ. ಈಗ ಬದುಕಿರುವವರು ತಮ್ಮ ಕೆಲಸವನ್ನು ತೂಗುಹಾಕಲು ಒಂದು ಗೋಡೆ ಬೇಕು, ಅಷ್ಟೇ. ಆ ಶೆಡ್ಡಿಗೆ ನಾನೂ ಹೋಗಿ ನೋಡಿ ಬಂದೆ. ಉತ್ತರಕ್ಕೆ ಒಂದು ಉದ್ದನೆಯ ಗೋಡೆ, ದಕ್ಷಿಣಕ್ಕೆ ಒಂದು. ಸುಣ್ಣ ಬಳಿಯಬೇಕು, ಎರಡು ಕಡೆ ಹಂಚು ಸರಿಪಡಿಸಬೇಕು.

ಬರುವ ಭಾನುವಾರ ಹತ್ತು ಗಂಟೆಗೆ ಸಭೆ ಸೇರುತ್ತಾರೆ. ಚಿತ್ರಕಲಾ ಶಿಕ್ಷಕರು ಬರುತ್ತಾರೋ ಇಲ್ಲವೋ ತಿಳಿಯದು. ಬರಲಿ ಎಂದೇ ನನ್ನ ಹಾರೈಕೆ, ಏಕೆಂದರೆ ಅವರ ಕಣ್ಣು ಒಳ್ಳೆಯದು, ಸಂಘಕ್ಕೆ ಬೇಕು. ಬೋರ್ಡು ಬರೆಯುವವನಿಗೆ ನಾನೇ ಫೋನು ಮಾಡಿ ಬಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುಣ್ಣ ನಾನು ತರುತ್ತೇನೆ ಸಾರ್" ಎಂದ.

ಊರಿನಲ್ಲಿರುವವರು ಬನ್ನಿ. ದೂರದಲ್ಲಿರುವವರು ಊರಿಗೆ ಬಂದಾಗ ಒಮ್ಮೆ ಆ ಕಡೆ ಹೋಗಿ ನೋಡಿ.